ಉಡಿ ತುಂಬಿದ ಮನೆಯ ಸಾಕ್ಷಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಅರೆಕೆರೆಯಿಂದ ದಿನಾ ಬಸ್ಸು ಹಿಡಿದು ರೇಣುಕವ್ವನ ಖಾನಾವಳಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಜಯನಗರ ಒಂಬತ್ತನೇ ಬ್ಲಾಕಿನ ಒಂದು ಅಡ್ಡರಸ್ತೆಯಲ್ಲಿ ಮುಂದೆ ನಾಲ್ಕು ಮೇಜು, ಹಿಂದೆ ಎರಡು ಒಲೆ, ಅಷ್ಟೇ ಜಾಗ. ರೇಣುಕವ್ವ ಬಾಗಲಕೋಟೆ ಕಡೆಯವಳು. ಅವಳು ರೊಟ್ಟಿ ಬಡಿದರೆ ಗಂಡ ದ್ಯಾಮಣ್ಣ ಬಡಿಸುತ್ತಿದ್ದ. ನಾನು ಕಾಯಿಪಲ್ಯ ಹೆಚ್ಚಿ ಪಾತ್ರೆ ತೊಳೆಯುತ್ತಿದ್ದೆ. ಊಟಕ್ಕೆ ಬರುವ ಹುಡುಗರನ್ನು ಅವಳು ಬೈಯದೆ ಕಳಿಸಿದ್ದೇ ಇಲ್ಲ. "ಇನ್ನೊಂದ ರೊಟ್ಟಿ ತಿನ್ನೋ, ಬಸ್ಸಿನ ಗಾಳಿಗೇ ಹಾರಿ ಹೋಗ್ತಿ ನೋಡು" ಅನ್ನುವಳು. ಆ ಬೈಗುಳಕ್ಕೇ ಅವರು ಬರುತ್ತಿದ್ದರು ಅಂತ ಕಾಣುತ್ತೆ.

ಅದೇ ರಸ್ತೆಯಲ್ಲಿ ಗಂಗಾಧರಯ್ಯನವರ ದೊಡ್ಡ ಮನೆ. ದಿಲ್ಲಿಯಲ್ಲಿ ಒಂದಷ್ಟು ದಿನ ಸಣ್ಣ ಮಂತ್ರಿಯಾಗಿದ್ದವರು. ಎಲೆಕ್ಷನ್ನಿನಲ್ಲಿ ಸೋತು ಮನೆಗೆ ಬಂದಿದ್ದರು. ತೊಂಬತ್ತಾರೋ ತೊಂಬತ್ತೇಳೋ, ಒಂದು ಬೆಳಿಗ್ಗೆ ಸಿಬಿಐನವರ ಜೀಪುಗಳು ಬಂದು ಆ ಗೇಟಿನ ಮುಂದೆ ನಿಂತವು.

ಮನೆ ಶೋಧ ಮಾಡಬೇಕಾದರೆ ಆಸುಪಾಸಿನ ಇಬ್ಬರು ನಿಂತು ನೋಡಬೇಕಂತೆ. ಒಬ್ಬೊಬ್ಬರ ಮನೆ ಬಾಗಿಲನ್ನೂ ಬಡಿದರು. ಒಂದು ಮನೆಯೊಳಗಿಂದ "ನಮ್ಮನೇಲಿ ಯಾರೂ ಇಲ್ಲ ಸಾರ್" ಅಂತ ಒಂದು ಗಂಡು ದನಿಯೇ ಕೂಗಿ ಹೇಳಿತು. ಟೈಲರ್ ಮಾರಯ್ಯ ಆಗತಾನೇ ಅಂಗಡಿ ಬಾಗಿಲು ತೆಗೆದಿದ್ದ, ತಪ್ಪಿಸಿಕೊಳ್ಳಲು ಆಗಲಿಲ್ಲ. ಒಳಮನೆ ನೋಡಲು ಒಬ್ಬ ಹೆಂಗಸೂ ಬೇಕಿತ್ತು. ಪ್ರಸನ್ನ ಅನ್ನುವ ಇನ್ಸ್‌ಪೆಕ್ಟರು ನಮ್ಮ ಬಾಗಿಲಿಗೆ ಬಂದರು.

ರೇಣುಕವ್ವ ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ನಿಂತು ನೋಡೂದ ಅಲ್ಲೇನ್ರಿ? ಕಣ್ಣ ಅದಾವು, ನಡೀರಿ."

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ವಾಪಸು ಬಂದಳು. ನಡೆದದ್ದನ್ನೆಲ್ಲ ನನಗೂ ದ್ಯಾಮಣ್ಣನಿಗೂ ಹೇಳಿದಳು. ಒಳಗೆ ಹೋಗುವ ಮೊದಲು ಸಿಬಿಐನವರು ತಮ್ಮ ಚೀಲ, ಜೇಬು ಎಲ್ಲ ಇವರಿಬ್ಬರಿಗೆ ತೆರೆದು ತೋರಿಸಿದರಂತೆ. ಅವರಲ್ಲಿದ್ದ ಹೆಣ್ಣು ಆಫೀಸರು ಸೀರೆಯ ಸೆರಗನ್ನೂ ಕೊಡವಿ ತೋರಿಸಿದಳಂತೆ. ಆಮೇಲೆ ಉಗ್ರಾಣದಲ್ಲಿ ಅಕ್ಕಿಯ ಡ್ರಮ್ಮಿಗೆ ಕೈ ಹಾಕಿದಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಿನ್ನದ ಗಟ್ಟಿಗಳು ಸಿಕ್ಕವು. ಗಂಗಾಧರಯ್ಯನವರ ಹೆಂಡತಿ ಕಮಲಾದೇವಿ ಅದನ್ನು ನೋಡಿ ಗೋಡೆಗೊರಗಿ ಕುಸಿದು ಕುಳಿತರಂತೆ.

ಇಷ್ಟು ಹೇಳಿ ರೇಣುಕವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಹಸಿರು ರವಿಕೆ ಕಣ.

"ಇದೇನೇ?" ಅಂದೆ.

"ಆಯವ್ವ ಗದಗ ಕಡೆಯಾಕಿ ಅಕ್ಕಾ. ನನ್ನ ಮಾತು ಕೇಳಿ, ನಮ್ಮ ಕಡೆಯಾಕಿ ಬಂದಾಳ ಅಂತ ಕೈ ಹಿಡಕೊಂಡ್ಳು. ಆಫೀಸರು ಹೊರಗ ಕುಂತು ಬರಕೊಳ್ಳಾಕ ಹತ್ತಿದ್ರು. ದೇವರ ಮನ್ಯಾಗ ಕರದು ಉಡಿ ತುಂಬಿದ್ಳು."

"ಶೋಧಕ್ಕೆ ಹೋದ ಮನೇಲಿ ಉಡಿ ತುಂಬಿಸ್ಕೊಂಡು ಬಂದ್ಯಾ? ಬೇಡ ಅನ್ನಬಾರದಾಗಿತ್ತಾ?"

"ಮುತ್ತೈದಿ ಉಡಿ ತುಂಬ್ತೀನಿ ಅಂದ್ರ ಸೆರಗು ಎಳಕೊಂಡು ಓಡಿ ಬರೂದೇನು?" ಅಂತ ನನ್ನನ್ನೇ ಗದರಿದಳು. ಆದರೆ ಅವತ್ತೆಲ್ಲ ಮಂಕಾಗಿದ್ದಳು. ಅವರ ಕಡೆ ಉಡಿ ತುಂಬಿದ ಮನೆಯೆಂದರೆ ತವರಿನ ಲೆಕ್ಕ.

ಆಮೇಲೆ ದಿಲ್ಲಿಯಲ್ಲಿ ಸರ್ಕಾರಗಳು ಒಂದರ ಹಿಂದೆ ಒಂದು ಬಿದ್ದವು. ಗಂಗಾಧರಯ್ಯ ಪಕ್ಷ ಬಿಟ್ಟು ಆಳುವವರ ಜೊತೆ ಸೇರಿಕೊಂಡರು. ಬಣ್ಣ ಬಳಿಸಿದ ಗೇಟಿನ ಮುಂದೆ ಮತ್ತೆ ಕಾರುಗಳು ಸಾಲಾಗಿ ನಿಲ್ಲತೊಡಗಿದವು. ನಮ್ಮಲ್ಲಿ ಉಣ್ಣುತ್ತಿದ್ದ ಬಸವಂತ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಅವನು ಹೇಳಿದ, "ಅವ್ವಾ, ನಿನ್ನ ಕೇಸ್ ಮುಗೀತು ಬಿಡು. ಅವರು ಎದುರು ಪಕ್ಷದಾಗ ಇದ್ರು, ಅದಕ್ಕ ಹಿಡಿದ್ರು. ಈಗ ಅವರದ ಸರ್ಕಾರ. ಬಿಡ್ತಾರ."

ಆದರೂ ಕೋರ್ಟಿನ ಸಮನ್ಸು ಬಂತು. ತಂದುಕೊಟ್ಟವರು ಅದೇ ಪ್ರಸನ್ನ. ಕೂರಿಸಿ ಮಜ್ಜಿಗೆ ಕೊಟ್ಟು ರೇಣುಕವ್ವ ಕೇಳಿದಳು, "ಸಾಹೇಬ್ರ, ಕೇಸ್ ಐತೋ ಹೋಗೈತೋ? ಖರೇ ಹೇಳ್ರಿ."

"ದಿಲ್ಲೀಲಿ ಏನಾಗುತ್ತೆ ಅಂತ ನನಗೂ ಪೇಪರ್ ನೋಡಿದ್ಮೇಲೇ ಗೊತ್ತಾಗೋದು ಅಮ್ಮ. ಇವತ್ತಿಗೆ ಕೇಸ್ ಇದೆ. ಗುವಾಹಟಿಗೆ ಟ್ರಾನ್ಸ್‌ಫರ್ ಆಗಿದೆ ನನಗೆ, ಹೋಗೋ ಮುಂಚೆ ಇದೊಂದು ಕೊಟ್ಟು ಹೋಗೋಣ ಅಂತ ಬಂದೆ."

"ಏನ್ ಹೇಳಬೇಕ್ರಿ ನಾ?"

"ಅದನ್ನ ನಾನು ಹೇಳಿಕೊಡಬಾರದು" ಅಂತ ಮಜ್ಜಿಗೆ ಮುಗಿಸಿ ಎದ್ದರು.

ಮರುದಿನವೇ ಕಟ್ಟಡದ ಮಾಲೀಕ ಮರೆಪ್ಪ ಬಂದ. ಗಂಗಾಧರಯ್ಯನವರ ಬ್ಯಾನರುಗಳಲ್ಲಿ ಅವರ ಕಾಲ ಬಳಿ ಇವನದೊಂದು ಸಣ್ಣ ಫೋಟೋ ಯಾವಾಗಲೂ ಇರುತ್ತಿತ್ತು. "ರೇಣುಕಮ್ಮ, ಆ ಚಿನ್ನಾನ ಸಿಬಿಐನೋರೇ ತಂದು ಅಕ್ಕೀಲಿಟ್ರು. ಎಲ್ಲಾ ರಾಜಕೀಯ. ನೀವು ಸರಿಯಾಗಿ ನೋಡಲಿಲ್ಲ ಅಂದ್ರೆ ಸಾಕು. ಇಲ್ಲಾಂದ್ರೆ ಮುಂದಿನ ತಿಂಗಳು ಅಂಗಡಿ ಖಾಲಿ ಮಾಡಿ" ಅಂದ. ಹೋಗುತ್ತಾ ಬಾಗಿಲಲ್ಲಿ ತಿರುಗಿ ನಿಂತು, "ಅವರ ಮನೆ ಉಡಿ ತುಂಬಿಸ್ಕೊಂಡೋರು ನೀವು, ಮರೀಬೇಡಿ" ಅಂತಲೂ ಸೇರಿಸಿದ.

ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ನಾನೇ ತೆಗೆದೆ.

ಟೈಲರ್ ಮಾರಯ್ಯನನ್ನು ಕೋರ್ಟು ಮೊದಲು ಕರೆಯಿತು. ಅವತ್ತು ಕನ್ನಡಕ ಮರೆತು ಹೋಗಿದ್ದೆ, ಏನೂ ಕಾಣಲಿಲ್ಲ ಅಂತ ಹೇಳಿ ಬಂದ. "ಬರೀ ಕಣ್ಣಾಗ ಸೂಜಿಗೆ ದಾರ ಹಾಕ್ತಾನ ಅಂವಾ" ಅಂದಳು ರೇಣುಕವ್ವ. ನಗಲಿಲ್ಲ. ಇನ್ನು ಉಳಿದದ್ದು ಇವಳ ಮಾತೊಂದೇ.

ಬಸವಂತ ಉಪಾಯ ಹೇಳಿದ. "ಹೇಳೂದಾದ್ರ ಹೇಳು ಅವ್ವಾ. ಆದ್ರ ಉಡಿ ತುಂಬಿಸಿಕೊಂಡಿದ್ದು ಬಾಯಿ ಬಿಡಬ್ಯಾಡ. ಅವರ ವಕೀಲ ಅದನ್ನ ಹಿಡಕೊಂಡು ನಿನ್ನ ಜಾಲಾಡ್ತಾನ."

ಅವಳು ಯಾರ ಮಾತಿಗೂ ಹೂಂ ಅನ್ನಲಿಲ್ಲ. ಒಂದು ಸಂಜೆ ನನ್ನನ್ನು ಕರೆದುಕೊಂಡು ನೇರ ಆ ದೊಡ್ಡ ಮನೆಗೆ ಹೊರಟಳು. ಕಮಲಾದೇವಿಯೇ ಬಾಗಿಲು ತೆಗೆದರು. ರೇಣುಕವ್ವ ಒಳಗೆ ಹೋಗಲಿಲ್ಲ, ಹೊಸ್ತಿಲಾಚೆಯೇ ನಿಂತಳು.

"ಯವ್ವಾ, ನಾ ಕೋರ್ಟಿನ್ಯಾಗ ಕಂಡದ್ದ ಹೇಳಾಕಿ. ನಿಮ್ಮ ಬೆನ್ನ ಹಿಂದ ಹೇಳಿದ್ಲು ಅನಸ್ಕೊಬಾರದು ಅಂತ ಮೊದಲ ಹೇಳಾಕ ಬಂದೀನಿ."

ಕಮಲಾದೇವಿ ಒಮ್ಮೆ ಒಳಗೆ ತಿರುಗಿ ನೋಡಿದರು. ಒಳಗೆ ಗಂಡಸರ ಮಾತು, ನಗು ಕೇಳುತ್ತಿತ್ತು. ಆಮೇಲೆ ದನಿ ತಗ್ಗಿಸಿ ಹೇಳಿದರು. "ದಿನಾ ಅಕ್ಕಿ ಅಳೆಯಾಕಿ ನಾನ, ರೇಣುಕವ್ವ. ಒಳಗ ಏನೈತಿ ಅಂತ ನನಗ ಯಾರೂ ಹೇಳಿರಲಿಲ್ಲ. ನೀ ಹೋಗಿ ಹೇಳು. ನಾ ನಿನಗ ಉಡಿ ತುಂಬಿದ್ದು ಬಾಯಿ ಮುಚ್ಚಸಾಕಲ್ಲ."

ವಾಪಸು ಬರುವಾಗ ರೇಣುಕವ್ವನ ನಡಿಗೆ ಬಿರುಸಾಗಿತ್ತು, ನಾನು ಹಿಂದೆ ಬಿದ್ದೆ.

ಕೋರ್ಟಿನ ದಿನ ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಬಸ್ಸಿಳಿದು ನಾವು ಮೂವರೂ ಹೋದೆವು, ಬಸವಂತ ಆಗಲೇ ಅಲ್ಲಿಗೆ ಬಂದಿದ್ದ. ಇಳಕಲ್ ಸೀರೆ ಉಟ್ಟು, ಮೈ ತುಂಬ ಸೆರಗು ಹೊದ್ದು ಅವಳು ಕಟಕಟೆ ಹತ್ತಿದಳು. ಚೀಲ, ಜೇಬು, ಸೆರಗು, ಡ್ರಮ್ಮು, ಎಲ್ಲ ಹೇಳಿದಳು. ಆಮೇಲೆ ಗಂಗಾಧರಯ್ಯನವರ ವಕೀಲ ಎದ್ದ.

"ಸಿಬಿಐನೋರು ನಿಮಗೆ ಏನು ಕೊಟ್ರು?"

"ಏನ್ ಕೊಡ್ತಾರ್ರಿ? ಒಲಿ ಮ್ಯಾಲಿನ ರೊಟ್ಟಿ ಬಿಡಿಸಿ ಕರಕೊಂಡು ಹೋದ್ರು."

ಹಿಂದೆ ಯಾರೋ ಕಿಸಕ್ಕೆಂದರು. ವಕೀಲನ ಮುಖ ಬಿಗಿಯಿತು. "ಆ ಮನೆಯಿಂದ ಏನಾದ್ರೂ ತಗೊಂಡ್ರಾ?"

ಬಸವಂತ ಕಣ್ಣು ಮುಚ್ಚಿಕೊಂಡ. ದ್ಯಾಮಣ್ಣ ನನ್ನ ಮುಖ ನೋಡಿದ.

"ಹೌದ್ರಿ, ತಗೊಂಡೀನಿ. ಉಡಿ ತುಂಬಿದ್ರು. ಅದ ಡ್ರಮ್ಮಿನ ಅಕ್ಕಿ, ಕೊಬ್ಬರಿ ಬಟ್ಲ, ಕಣ. ಅಕ್ಕಿ ಬುತ್ತಿ ಮಾಡಿ ಉಂಡ್ವಿ, ಕಣ ಕುಬಸ ಹೊಲಿಸೀನಿ. ಸಾಕ್ಷಿದಾರ ತಗೋಬಾರದು ಅಂತ ನನಗ ಗೊತ್ತಿರಲಿಲ್ರಿ. ತಪ್ಪಾದ್ರ ತಪ್ಪ ಅಂತ ಬರಕೋರಿ."

"ಅಂದ್ರೆ ಆ ಮನೆಯೋರ ಋಣ ಇದೆ ನಿಮ್ಮ ಮೇಲೆ?"

"ಐತ್ರಿ. ಅದಕ್ಕ ನಿನ್ನಿತನಕ ನನಗ ಅನ್ನ ಸೇರಿಲ್ಲ. ಆದ್ರ ಸಿಬಿಐದವರ ಕೈ ಬರಿಗೈ ಇದ್ದದ್ದು ನೋಡೀನಿ, ಅಕ್ಕ್ಯಾಗ ಚಿನ್ನ ಇದ್ದದ್ದೂ ನೋಡೀನಿ."

ಜಡ್ಜು ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವಳನ್ನು ನೋಡಿದರು. ಆಮೇಲೆ ಬರೆದುಕೊಂಡರು.

ಮರೆಪ್ಪ ಹೇಳಿದಂತೆಯೇ ಅಂಗಡಿ ಬಿಡಿಸಿದ. ಬಿಟಿಎಂ ಲೇಔಟಿನಲ್ಲಿ ಒಂದು ಗ್ಯಾರೇಜು ಸಿಕ್ಕಿತು. ಶಟರು ಎಳೆದರೆ ಗಾಳಿಯಿಲ್ಲ, ಎತ್ತಿದರೆ ಧೂಳು. ಆದರೆ ಆ ಕಡೆ ನಮ್ಮ ರೇಣುಕವ್ವನ ಊರಿನ ಹುಡುಗರು ದಂಡಿಯಾಗಿ ಬಂದು ಬಾಡಿಗೆಗಿದ್ದರು. ಆರು ತಿಂಗಳಲ್ಲಿ ಮೂರನೇ ಒಲೆ ಹಾಕಿದೆವು.

ತೀರ್ಪು ಬಂದದ್ದು ಎರಡು ಸಾವಿರದ ಮೂರರಲ್ಲಿ. ಬಸವಂತ ಮಧ್ಯಾಹ್ನವೇ ಓಡಿ ಬಂದ. ಗಂಗಾಧರಯ್ಯನವರಿಗೆ ಶಿಕ್ಷೆಯಾಗಿತ್ತು. ತನಗೆ ತೊಡಕಾಗುವ ಉಡಿಯ ಸಂಗತಿಯನ್ನೇ ಮುಚ್ಚಿಡದ ಈ ಹೆಣ್ಣುಮಗಳನ್ನು ನಂಬದಿರಲು ಕಾರಣವಿಲ್ಲ ಅಂತ ಜಡ್ಜು ಹೇಳಿದ್ದರಂತೆ. ರೇಣುಕವ್ವ ಮೊದಲು ಕೇಳಿದ್ದು, "ಕಮಲಾದೇವಿ ಯವ್ವ ಎಲ್ಲಿದಾಳ ಈಗ?" ಅಂತ. ಗದಗಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ ಅಂತ ತಿಳಿದ ಮೇಲೆ ಕೆಳಗೆ ಕುಳಿತಳು.

"ಅಪೀಲು ಹೋಗ್ತಾರ ಅವ್ವಾ. ಅಷ್ಟರಾಗ ದಿಲ್ಲ್ಯಾಗ ಯಾರು ಇರ್ತಾರೋ" ಅಂದ ಬಸವಂತ.

"ಕರದ್ರ ಮತ್ತ ಹೋಗ್ತೀನಿ."

"ನಿನ್ನ ಕರೆಯಂಗಿಲ್ಲ. ನೀ ಹೇಳಿದ್ದು ಬರಕೊಂಡಾರಲ್ಲ, ಅದ ಹೋಗ್ತೈತಿ, ಸುಪ್ರೀಂ ಕೋರ್ಟ್‌ತನಕ ಹೋದ್ರೂ. ಯಾವ ಸರ್ಕಾರ ಬಂದ್ರೂ ಅದನ್ನ ತಿದ್ದಾಕ ಬರಂಗಿಲ್ಲ."

ರೇಣುಕವ್ವನ ಮುಖ ಅಂದು ಮೊದಲ ಸಲ ಅರಳಿತು. "ಹಂಗಾರ ಟಿಕೀಟ ಇಲ್ಲದಂಗ ದಿಲ್ಲಿಗೆ ಹೋಗಿ ಬಂದಂಗಾತು ಬಿಡು" ಅಂದು ಜೋರಾಗಿ ನಕ್ಕಳು. ಉಣ್ಣುತ್ತಿದ್ದ ಹುಡುಗರೆಲ್ಲ ಏನೆಂದು ತಲೆ ಎತ್ತಿ ನೋಡಿದರು.