ಲಗ್ನಪತ್ರಿಕೆಗಳ ಹಿಂಬದಿಯ ಕಣ್ಣುಗಳು

ಕಮಲಮ್ಮನವರೇ, ನಿಮ್ಮ ಲಗ್ನಪತ್ರಿಕೆಗಳಿಗೆ ಹುಳ ಹಿಡಿದಿರಲಿಲ್ಲ. ಅವನ್ನು ರದ್ದಿಗೆ ಹಾಕಿಸಿದವಳು ನಾನು — ತಿಳಿದೂ ತಿಳಿದೂ, ಒಂದೊಂದನ್ನೂ ತಿರುವಿ ನೋಡಿದ ಮೇಲೆ. ಹುಳದ ಕಥೆ ಆಮೇಲೆ ಕಟ್ಟಿದ್ದು.

ಇದನ್ನು ಬೇರೆಯವರೂ ಓದಬಹುದು, ಹಾಗಾಗಿ ನಾವಿಬ್ಬರೂ ಯಾರೆಂದು ಹೇಳಿಬಿಡಬೇಕು. ನೀವು ನಜರ್‌ಬಾದಿನ ಚಿತ್ರಕಾರ ವರದಯ್ಯನವರ ಹೆಂಡತಿ — ನೋಡಿ, ಇವತ್ತೂ ನನ್ನ ಕೈಗೆ ಮೊದಲು ಬಂದದ್ದು ಅದೇ ಮಾತು. ನೀವು ಚಿತ್ರ ಬರೆದವರು. ನಾನು ಕಾಲೇಜಿನಲ್ಲಿ ಕಲೆಯ ಇತಿಹಾಸ ಪಾಠ ಮಾಡಿದವಳು. ಊರಿನ ಒಂದು ಚಿತ್ರ ಸಂಗ್ರಹಾಲಯದಲ್ಲಿ ಯಾವ ಕಾಗದ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಪು ಕೊಡುತ್ತಿದ್ದವಳು. ಮಹಿಳಾ ದಿನಾಚರಣೆ ಬಂತೆಂದರೆ ಮೈಸೂರಿನ ಅರ್ಧ ವೇದಿಕೆಗಳ ಮೇಲೆ ನಾನೇ. ಚರಿತ್ರೆ ಅಳಿಸಿಹಾಕಿದ ಹೆಣ್ಣುಮಕ್ಕಳ ಬಗ್ಗೆ ಗಂಟಲು ಗದ್ಗದ ಮಾಡಿಕೊಂಡು ಮಾತಾಡುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಚರಿತ್ರೆ ತಾನೇ ಏನು ಅಳಿಸೀತು, ಅದಕ್ಕೇನು ಕೈ ಇದೆಯೇ? ಅದಕ್ಕೆ ನನ್ನಂಥವರು ಬೇಕು.

ನಿಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೇವರ ಚಿತ್ರಕ್ಕೆ ಕಣ್ಣು ಬರೆಯುವುದು ಕೊನೆಗೆ. ಅಷ್ಟರವರೆಗೆ ಯಾರು ಬೇಕಾದರೂ ಕೈ ಹಾಕಬಹುದು — ಹಲಗೆ ತಯಾರು ಮಾಡಬಹುದು, ಲೇಪ ಹಚ್ಚಿ ಒಡವೆಗಳನ್ನು ಉಬ್ಬಿಸಬಹುದು, ಚಿನ್ನದ ಹಾಳೆ ಅಂಟಿಸಬಹುದು. ಆದರೆ ಕಣ್ಣು ಬರೆದವರದೇ ಚಿತ್ರ, ಸಹಿ ಅವರದು. ಕಣ್ಣಿನ ದಿನ ಸ್ನಾನ, ಪೂಜೆ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿತ್ತು. ವರದಯ್ಯನವರು ಒಳಗೆ. ನೀವು ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ. ಹೊರಗೆ ಜಗಲಿಯಲ್ಲಿ ನಾವು, ಕಲಾರಸಿಕರು — ಕಾಫಿ ಕುಡಿಯುತ್ತಾ, ಒಳಗೆ ನಡೆಯುತ್ತಿರುವುದು ತಪಸ್ಸು ಎಂದು ಪಿಸುಗುಡುತ್ತಾ ಕೂರುತ್ತಿದ್ದೆವು. ಹೆಂಗಸು ತಟ್ಟೆ ಇಟ್ಟು ಇಷ್ಟು ಹೊತ್ತಾದರೂ ಯಾಕೆ ಹೊರಗೆ ಬರಲಿಲ್ಲ ಎಂದು ಅಲ್ಲಿದ್ದ ಒಂದು ತಲೆಗೂ ಹೊಳೆಯಲಿಲ್ಲ.

ವರದಯ್ಯನವರ ಕೈ ನಡುಗುತ್ತಿತ್ತು. ಅದು ಗುಟ್ಟೇನಲ್ಲ. ನನ್ನ ಎದುರಿಗೇ ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲಿಕೊಂಡಿದ್ದರು, ನೀವು ಬಂದು ಒರೆಸಿದ್ದಿರಿ. ಅದನ್ನು ಕಣ್ಣಾರೆ ಕಂಡು ಮನೆಗೆ ಹೋಗಿ ನಾನು ಬರೆದದ್ದೇನು? ಅವರ ಇಳಿವಯಸ್ಸಿನ ಚಿತ್ರಗಳ ಕಣ್ಣುಗಳಲ್ಲಿ ‘ದೇಹವನ್ನು ಗೆದ್ದ ಪುರುಷನ ಕಾರುಣ್ಯ’ ಇದೆ ಎಂದು. ಅವರ ಬಗೆಗಿನ ನನ್ನ ಪುಸ್ತಕದಲ್ಲಿ ಒಂದು ಅಧ್ಯಾಯವಿಡೀ ಅದೇ. ಓದಿ ತಲೆದೂಗಿದವರಿಗೂ ಅರ್ಥವಾಗಿರಲಿಲ್ಲ, ಬರೆದ ನನಗೂ ಆಗಿರಲಿಲ್ಲ. ಆದರೂ ಸಭೆ ಕರೆದು ನನಗೆ ಹಾರ ಹಾಕಿ ಮೈಸೂರು ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಹುಬ್ಬಿನ ಮೇಲೆ ಇಳಿಯಿತು. ನಾನು ಅದನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತಾ ಫೋಟೋಗೆ ನಕ್ಕೆ.

ವರದಯ್ಯನವರು ತೀರಿಕೊಂಡ ಮೇಲೆ ನೀವೇ ಸಂಗ್ರಹಾಲಯಕ್ಕೆ ಹೇಳಿ ಕಳಿಸಿದಿರಿ. ಅವರ ಪೆಟ್ಟಿಗೆಗಳ ಜೊತೆ ನಿಮ್ಮದೊಂದು ಟ್ರಂಕನ್ನೂ ಕೊಟ್ಟಿರಿ. ನಮ್ಮಲ್ಲಿ ಒಂದು ಅಭ್ಯಾಸವಿತ್ತು — ಗಂಡಸಿನ ಪೆಟ್ಟಿಗೆಯಿಂದ ಬಂದದ್ದೆಲ್ಲ ದಾಖಲೆ, ಹೆಂಗಸಿನ ಟ್ರಂಕಿನಿಂದ ಬಂದದ್ದೆಲ್ಲ ಮನೆವಾರ್ತೆ. ಅವರ ಮುರಿದ ಕನ್ನಡಕಕ್ಕೆ, ನಶ್ಯದ ಡಬ್ಬಿಗೆ ಗಾಜಿನ ಕಪಾಟು ಸಿಕ್ಕಿತು. ನಿಮ್ಮ ಟ್ರಂಕಿನಲ್ಲಿದ್ದದ್ದು ಹಳೆಯ ಸೀರೆಯಲ್ಲಿ ಕಟ್ಟಿದ ಲಗ್ನಪತ್ರಿಕೆಗಳ ಗಂಟು. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಕಸಕ್ಕೆ ಹಾಕಬಾರದೆಂದು ನಮ್ಮ ಮನೆಗಳಲ್ಲೂ ಹೀಗೇ ಕೂಡಿಡುತ್ತಿದ್ದರು. ಹಾಗೆಂದುಕೊಂಡೇ ಮೊದಲನೆಯದನ್ನು ತಿರುವಿದೆ.

ಹಿಂಬದಿಯಲ್ಲಿ ಕಣ್ಣುಗಳಿದ್ದವು.

ಒಂದು ಜೊತೆಯಲ್ಲ, ಪ್ರತಿ ಪತ್ರಿಕೆಯ ತುಂಬ. ಅರೆ ಮುಚ್ಚಿದವು, ಮಗುವನ್ನು ನೋಡುವಂತೆ ಬಾಗಿದವು, ಕೋಪ ಆಗತಾನೇ ಇಳಿದಂಥವು. ನನ್ನ ಪುಸ್ತಕದಲ್ಲಿ ಮುದ್ರಿಸಿದ್ದ ಅವೇ ಕಣ್ಣುಗಳು. ಮುಂಬದಿಯಲ್ಲಿ ಮದುವೆಯ ತಾರೀಖು ಅಚ್ಚಾಗಿತ್ತಲ್ಲ — ಎಲ್ಲವೂ ಅವರ ಕೈ ನಡುಗಲು ಶುರುವಾದ ಮೇಲಿನವು. ಮೊದಮೊದಲಿನ ಪತ್ರಿಕೆಗಳಲ್ಲಿ ವರದಯ್ಯನವರ ಪೆನ್ಸಿಲ್ಲಿನ ಅಕ್ಷರ, ಎತ್ತಲೋ ಹೊರಳಿದ ಅಕ್ಷರ: ‘ಎಡಗಣ್ಣು ಇನ್ನೂ ಸ್ವಲ್ಪ ತಗ್ಗಲಿ.’ ‘ರೆಪ್ಪೆ ಭಾರವಾಯಿತು.’ ಆಮೇಲೆ ಒಂದರಲ್ಲಿ: ‘ಇದೇ ಸರಿ. ಇನ್ನು ನನ್ನನ್ನು ಕೇಳಬೇಡ.’ ಅದರ ನಂತರದವುಗಳಲ್ಲಿ ಅವರ ಅಕ್ಷರವೇ ಇಲ್ಲ, ಬರೀ ನಿಮ್ಮ ಗೆರೆ.

ಸಹಿ ಅವರದಾಗಿಯೇ ಉಳಿಯಿತು, ನಿಜ. ಆದರೆ ಆ ಮನುಷ್ಯ ತನ್ನ ಕೈಯಿಂದಲೇ ಚಿತ್ರವನ್ನು ನಿಮಗೆ ಬಿಟ್ಟುಕೊಟ್ಟಿದ್ದ, ಬರೆದೂ ಇಟ್ಟಿದ್ದ. ಅದನ್ನು ಕಂಡವಳು ನಾನೊಬ್ಬಳೇ. ಆಗ ನನಗೆ ಏನನ್ನಿಸಿತು ಗೊತ್ತೇ? ನಿಮ್ಮ ಬಗ್ಗೆ ಏನೂ ಅನ್ನಿಸಲಿಲ್ಲ. ನನ್ನ ಅಧ್ಯಾಯ ಹೋಯಿತಲ್ಲ ಅನ್ನಿಸಿತು. ಪುಸ್ತಕ ಎರಡನೇ ಮುದ್ರಣಕ್ಕೆ ಹೋಗುವುದರಲ್ಲಿತ್ತು. ‘ಪುರುಷನ ಕಾರುಣ್ಯ’ ಎಂದವಳ ಮುಖಕ್ಕೆ ಊರು ಉಗಿಯುತ್ತದಲ್ಲ — ಅಷ್ಟೇ. ಇನ್ನೂ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಹೇಳುತ್ತಿದ್ದೆ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಕೆಲಸ ಮಾಡಿದ ನನ್ನನ್ನು ಕಂಡರೆ ನನಗೇ ಹೇಸಿಗೆ.

ದಾಖಲೆಯಲ್ಲಿ ‘ಹಳೆಯ ಆಮಂತ್ರಣ ಪತ್ರಿಕೆಗಳು, ಸಂರಕ್ಷಣೆಗೆ ಯೋಗ್ಯವಲ್ಲ’ ಎಂದು ಬರೆದೆ. ನೋಡಿ, ಎಷ್ಟು ನಾಜೂಕು, ಮೊದಲ ಮೂರು ಪದಗಳಲ್ಲಿ ಒಂದಕ್ಷರವೂ ಸುಳ್ಳಲ್ಲ. ಗಂಟನ್ನು ಹಳೆಯ ದಿನಪತ್ರಿಕೆಗಳ ಕಟ್ಟಿನ ಜೊತೆ ದೇವರಾಜ ಮೊಹಲ್ಲಾದ ರದ್ದಿ ಅಂಗಡಿಗೆ ಕಳಿಸಿದೆ. ಸೀರೆಯನ್ನು ಬಿಚ್ಚಿ ಮಡಿಸಿ ನಿಮಗೆ ವಾಪಸು ಕೊಟ್ಟೆ. ಮರ್ಯಾದಸ್ಥೆ ನೋಡಿ.

ಕೆಲವು ತಿಂಗಳ ಮೇಲೆ ನೀವು ಬಂದಿರಿ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದಿರಿ, “ಆ ಲಗ್ನಪತ್ರಿಕೆ ಗಂಟು ಎಲ್ಲಿಟ್ಟಿದೀರಮ್ಮ? ಒಂದ್ಸಲ ನೋಡ್ಬೇಕು ಅನ್ನಿಸ್ಬುಡ್ತು.”

“ಅಯ್ಯೋ, ಅದಕ್ಕೆ ಹುಳ ಹಿಡಿದಿತ್ತು ಅಮ್ಮ. ಬೇರೆ ಕಾಗದಕ್ಕೂ ಹತ್ಕೊಳ್ಳುತ್ತೆ ಅಂತ ತೆಗೆಸ್ಬೇಕಾಯ್ತು” ಎಂದೆ.

ನೀವು ನನ್ನ ಮುಖವನ್ನೇ ನೋಡಿದಿರಿ. ನಾನು ಅವುಗಳನ್ನು ತಿರುವಿದ್ದೆನೋ ಇಲ್ಲವೋ ಎಂದು ಹುಡುಕುತ್ತಿದ್ದಿರೇನೋ — ನನಗೆ ಗೊತ್ತಿಲ್ಲ, ನಾನು ಕಣ್ಣು ತಪ್ಪಿಸಿದೆ. ಆಮೇಲೆ ನೀವೇ ಹೇಳಿದಿರಿ, “ಹೋಗ್ಲಿ ಬುಡಿ. ಬಿಸಿಲಿಗೆ ಹಾಕ್ಬೇಕಿತ್ತು, ನಾನೇ ಹಾಕ್ಲಿಲ್ಲ. ನನ್ನಿಂದ ನಿಮ್ ಕಾಗದಕ್ಕೆಲ್ಲ ತೊಂದ್ರೆ ಆಯ್ತೇನೋ.” ನೀವು ನನ್ನ ಕ್ಷಮೆ ಕೇಳಿದಿರಿ, ಕಮಲಮ್ಮನವರೇ. ನಾನು “ಪರವಾಗಿಲ್ಲ” ಎಂದೆ. ಮಾಡಿದ್ದರಲ್ಲೆಲ್ಲ ಅತ್ಯಂತ ಹೊಲಸಾದದ್ದು ಯಾವುದು ಎಂದು ಕೇಳಿದರೆ ಆ ಒಂದು ಪದ.

ಈಗ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿರುವ ಬನ್ನಿಮಂಟಪದ ರೀಟಾ ಮೇಡಂ, ಊರಿನ ಚಿತ್ರಕಾರ್ತಿಯರ ಕಾಗದಪತ್ರ, ಚಿತ್ರಗಳಿಗೇ ಒಂದು ವಿಭಾಗ ತೆರೆಯುತ್ತಿದ್ದಾರೆ. ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಪೆಟ್ಟಿಗೆ. ಉದ್ಘಾಟನೆಗೆ ಯಾರನ್ನು ಕರೆದಿದ್ದಾರೆ? ನನ್ನನ್ನು. ಕರೆಯಲು ಬಂದಾಗ ರೀಟಾ ಹೇಳಿದರು, “ಕಮಲಮ್ಮನೋರ ಮನೆಗೂ ಹೋಗಿದ್ದೆ ಮೇಡಂ. ನೀವೂ ಚಿತ್ರ ಬರೀತಿದ್ರಾ ಅಂತ ಕೇಳ್ದೆ. ‘ಆ ಮೇಡಂ ಪುಸ್ತಕದಲ್ಲಿ ಬರ್ದಿದಾರಲ್ಲ, ಅದೇ ಸರಿ’ ಅಂದ್ಬುಟ್ರು.”

ಪುಸ್ತಕದಲ್ಲಿ ನಿಮ್ಮ ಬಗ್ಗೆ ನಾನು ಬರೆದದ್ದು ಒಂದೇ ಸಾಲು: ‘ಪತ್ನಿ ಚಿನ್ನದ ಹಾಳೆ ಅಂಟಿಸಲು ನೆರವಾಗುತ್ತಿದ್ದರು.’ ಬಾಯಿಬಿಟ್ಟು ಹೇಳಿದರೆ ನಂಬುವವರು ಯಾರು, ತೋರಿಸಲು ಕೈಯಲ್ಲಿ ಏನಿದೆ — ಹಾಗೆಂದುಕೊಂಡಿರಬೇಕು ನೀವು. ಆ ‘ಏನೂ ಇಲ್ಲ’ವನ್ನು ನಿಮ್ಮ ಕೈಗೆ ಕೊಟ್ಟವಳು ನಾನು.

ಉದ್ಘಾಟನೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಆ ಪುಸ್ತಕ ಇನ್ನು ಅಚ್ಚಾಗುವುದಿಲ್ಲ. ನಾಳೆ ನಿಮ್ಮ ಮನೆಗೆ ಬಂದು ಇದನ್ನು ನಿಮ್ಮೆದುರು ಓದುತ್ತೇನೆ. ನಡುವೆ ಎದ್ದು ಹೋಗು ಎಂದರೆ ಈ ಕಾಗದವನ್ನು ಅಲ್ಲೇ ಬಿಟ್ಟು ಹೋಗುತ್ತೇನೆ. ನೀವು ಒಪ್ಪಿದರೆ ಮಾತ್ರ ಇದು ರೀಟಾ ಅವರ ಕೈ ಸೇರುತ್ತದೆ, ನಿಮ್ಮ ಹೆಸರಿನ ಪೆಟ್ಟಿಗೆಗಾಗಿ. ಚಿತ್ರಗಳ ಮೇಲೆಲ್ಲ ಅವರ ಸಹಿ, ಆ ಪೆಟ್ಟಿಗೆಯಲ್ಲಿ ಹಾಕಲು ಬೇರೇನೂ ಇಲ್ಲ. ಮುಂದೆ ಯಾರಾದರೂ ಕಮಲಮ್ಮನವರ ಗೆರೆ ನೋಡಬೇಕೆಂದು ಅದನ್ನು ತೆರೆದರೆ, ಅವರಿಗೆ ಸಿಗುವುದು ನನ್ನ ಕೈಬರಹ.