ಎಂಟು ಗಜದ ನಿರಿಗೆ

ಆ ಪಲ್ಟನ್ನಿನ ಚರಿತ್ರೆಯನ್ನು ನಾನು ಮೊದಲು ಕೇಳಿದ್ದು ಮೊಣಕಾಲೂರಿ ಕುಳಿತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ತರೀಕೆರೆಯ ಪೇಟೆಬೀದಿಯ ನನ್ನ ಹೊಲಿಗೆ ಅಂಗಡಿಗೆ ಬೆಟ್ಟದ ಮೇಲಿನ ಕಾಫಿ ತೋಟದ ದೊರೆ ಬಂದಿದ್ದ. ನಾನು ಅವನ ಸೊಂಟದ ಅಳತೆ ತೆಗೆಯುತ್ತಿದ್ದರೆ ಅವನು ಹರುಕುಮುರುಕು ಕನ್ನಡದಲ್ಲಿ ಹೇಳುತ್ತಲೇ ಇದ್ದ. ಅವನದು ಸ್ಕಾಟ್ಲೆಂಡಿನ ಒಂದು ಸಣ್ಣ ಪಟ್ಟಣ. ತಾತನ ಕಾಲದಲ್ಲಿ ಶತ್ರುಗಳು ಕಡಲು ದಾಟಿ ಬರುತ್ತಾರೆಂಬ ಸುದ್ದಿ ಹಬ್ಬಿ, ಅಲ್ಲಿನ ಅಂಗಡಿಯವರು, ನೇಕಾರರು, ಗುಮಾಸ್ತರು ಸೇರಿ ಸಂಬಳವಿಲ್ಲದ ಒಂದು ಕಾಲಾಳು ಪಲ್ಟನ್ ಕಟ್ಟಿದರಂತೆ. ಶತ್ರು ಬರಲಿಲ್ಲ, ಪಲ್ಟನ್ ಮಾತ್ರ ಉಳಿಯಿತು. ಮೊದಲು ಬೂದು ಕೋಟು, ಆಮೇಲೆ ಕೆಂಪು ಕೋಟು, ಅವನಪ್ಪನ ಕಾಲಕ್ಕೆ ಹಸಿರು ಚೌಕುಳಿಯ ಕಿಲ್ಟು, ಅಂದರೆ ಅಲ್ಲಿನ ಗಂಡಸರು ತೊಡುವ ಮೊಣಕಾಲುದ್ದದ ಲಂಗ. ಯಾವ ಗುಂಡಿ ಯಾವಾಗ ಬದಲಾಯಿತು, ಚೌಕುಳಿಯ ನಡುವಿನ ಬಿಳಿ ಗೆರೆ ಯಾರ ನೆನಪಿಗೆ, ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು.

ಈಗ ಕಡೂರು ಜಿಲ್ಲೆಯ ತೋಟಗಳಲ್ಲಿದ್ದ ಆ ಸೀಮೆಯ ದೊರೆಗಳೆಲ್ಲ ಸೇರಿ ಅದೇ ಪಲ್ಟನ್ನಿನ ಹೆಸರಿನಲ್ಲಿ ಇಲ್ಲೂ ಒಂದು ತುಕಡಿ ಮಾಡಿಕೊಂಡಿದ್ದರು. ಇವನೇ ಅದರ ಕ್ಯಾಪ್ಟನ್. ಬೆಂಗಳೂರಿನ ಮೈದಾನದಲ್ಲಿ ಕವಾಯತಿಗೆ ನಿಲ್ಲಬೇಕು, ತಮ್ಮೂರಿನ ಪಲ್ಟನ್ನಿನ ಹಾಗೆಯೇ ಕಾಣಬೇಕು. ಬಟ್ಟೆ ಹಡಗಿನಲ್ಲಿ ಬಂದು, ರೈಲು ಹತ್ತಿ ತರೀಕೆರೆ ಸ್ಟೇಷನ್ನಿನಲ್ಲಿ ಇಳಿದಿತ್ತು. ಆಳಿಗೆ ಎಂಟು ಗಜದಂತೆ ಹನ್ನೆರಡು ತುಂಡು, ಅಲ್ಲಿನವರೇ ಅಳೆದು ಕಳಿಸಿದ್ದು. ಮಾದರಿಗೆಂದು ತನ್ನ ಅಪ್ಪನ ಹಳೆಯ ಕಿಲ್ಟನ್ನು ನನ್ನ ಕೈಗೆ ಕೊಟ್ಟು ಹೋದ.

ಅಮಲ್ದಾರರ ಕೋಟು ಹೊಲಿದ ಕೈ ನನ್ನದು. ಆದರೂ ಎರಡು ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ನನ್ನ ಹೆಂಡತಿ ಅದನ್ನು ಎತ್ತಿಕೊಂಡಳು. ಕಾಜಾ ಹಾಕುವುದು, ಅಂಚು ಮಡಿಸುವುದು ಯಾವತ್ತೂ ಅವಳ ಕೆಲಸ.

"ಇದ್ರಲ್ಲೇನೈತೆ, ಸೀರೆ ನಿರಿಗೆ ಕಣ್ರೀ. ನಾವು ಮುಂದಕ್ ಸಿಗಿಸ್ತೀವಿ, ಇವ್ರು ಹಿಂದಕ್ ಹೊಲ್ಕೊಂಡವ್ರೆ ಅಷ್ಟೆ" ಎಂದಳು.

ಅಷ್ಟೇ ಆಗಿದ್ದರೆ ಸುಲಭವಿತ್ತು. ಆ ಹಳೆಯ ಕಿಲ್ಟಿನಲ್ಲಿ ನಿರಿಗೆಯ ಪಕ್ಕ ನಿರಿಗೆ ಕೂತರೂ ಚೌಕುಳಿ ಎಲ್ಲೂ ಒಡೆದಿರಲಿಲ್ಲ. ಗೆರೆಗೆ ಗೆರೆ ಕೂಡಿ, ಮಡಿಸದ ಬಟ್ಟೆಯಂತೆಯೇ ಕಾಣುತ್ತಿತ್ತು. ಅವಳು ತನ್ನ ಸೀರೆಯ ನಿರಿಗೆ ಹಿಡಿಯುವ ಹಾಗೆಯೇ ಬೆರಳುಗಳ ನಡುವೆ ಬಟ್ಟೆ ಹಿಡಿದು, ಬಿಳಿ ಗೆರೆಯ ಗುರುತಿನ ಮೇಲೆ ಮಡಿಸಿ ಕೊಡುತ್ತಿದ್ದಳು. ನಾನು ಸೊಂಟದ ಭಾಗದಲ್ಲಿ ಕೈಹೊಲಿಗೆ ಹಾಕಿ ಬಿಗಿಯುತ್ತಿದ್ದೆ. ಒಂದೊಂದು ಕಿಲ್ಟಿಗೂ ನಾಲ್ಕು ನಾಲ್ಕು ದಿನ ಹಿಡಿಯಿತು. ಕೊನೆಗೆ ಮಾಡಿದ ಕ್ಯಾಪ್ಟನ್ನನ ಕಿಲ್ಟಂತೂ ನಮ್ಮಿಬ್ಬರ ಜೀವಮಾನದ ಕೆಲಸ. ಮಡಿಕೆ ಎಲ್ಲಿದೆ ಎಂದು ಹೊಲಿದ ನಾನೇ ಹುಡುಕಬೇಕಿತ್ತು. ಅದೇ ನಮಗೆ ಮುಳುವಾಯಿತು.

ಕಿಲ್ಟುಗಳನ್ನು ಒಯ್ಯುವ ದಿನ ಊರಲ್ಲಿ ಸಂತೆ. ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ನಡೆದು ಬಂದ, ದೊರೆ ಹಿಂದೆ ಕುದುರೆಯ ಮೇಲೆ ಬಂದ. ರೈಟರ್ ನಮ್ಮ ಕಡೆಯವನೇ, ಸಿಂಗಟಗೆರೆಯ ತೆಂಗಿನ ತೋಟದವರ ಮಗ. ದೊರೆಯ ಎದುರು ಬಾಗಿದ ಬೆನ್ನು ನಮ್ಮಂಥವರ ಎದುರು ನೆಟ್ಟಗಾಗುತ್ತಿತ್ತು. ಕ್ಯಾಪ್ಟನ್ನನ ಕಿಲ್ಟನ್ನು ಜಗಲಿಯ ಮೇಲೆ ಹರಡಿ ಗೇಣು ಹಾಕಿದ.

"ಏನಪ್ಪಾ, ಕೊಟ್ಟಿದ್ದು ಎಂಟು ಗಜ. ಇಲ್ಲಿ ಒಂದೂವರೆ ಐತೆ. ಮಿಕ್ಕಿದ್ದೆಲ್ಲೋಯ್ತು?"

"ನಿರಿಗೇಲೈತೆ ಸ್ವಾಮಿ" ಎಂದು ಎತ್ತಿ ತೋರಿಸಿದೆ.

ಅವನು ನಾಲ್ಕಾರು ಮಡಿಕೆ ಬೆರಳಿನಿಂದ ಜರುಗಿಸಿ ನೋಡಿದ. "ಹೆಚ್ಚಂದ್ರೆ ಮೂರ್ ಗಜ, ನಾಕ್ ಗಜ. ಮೊಣಕಾಲು ಮುಚ್ಚದಿರೋ ಲಂಗಕ್ಕೆ ಎಂಟು ಗಜ ಅಂತ ನನ್ ಕಿವಿ ಮೇಲೆ ಹೂ ಇಡ್ತೀಯೇನೋ?"

ನಾನು ದೊರೆಯ ಮುಖ ನೋಡಿದೆ. ಅಪ್ಪನ ಸೊಂಟದಲ್ಲಿ ಅದನ್ನು ಕಂಡು ಬೆಳೆದವನು, ಪಲ್ಟನ್ನಿನ ಗುಂಡಿ ಗುಂಡಿಯ ಕಥೆ ಬಲ್ಲವನು, ಅವನಾದರೂ ಒಂದು ಮಾತು ಹೇಳಿಯಾನು ಎಂದುಕೊಂಡೆ. ಅವನು ಚುಟ್ಟಾ ಹೊತ್ತಿಸಿ, "ರೈಟರ್ ನೋಡ್ಲಿ" ಎಂದ. ಆ ಎರಡು ಪದಕ್ಕೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮೂರು ತಲೆಮಾರಿನ ಚರಿತ್ರೆ ಗೊತ್ತಿದ್ದವನಿಗೆ ಒಂದು ಕಿಲ್ಟಿನ ಒಳಗೆ ಏನಿರುತ್ತದೆಂದು ಗೊತ್ತಿರಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ.

ರೈಟರ್ ಒಳಗೆ ನುಗ್ಗಿದ. ನನ್ನ ಹೆಂಡತಿಯ ಟ್ರಂಕು ತೆಗೆಸಿ, ಅವಳ ಸೀರೆ ಕುಪ್ಪಸಗಳನ್ನು ಸಂತೆಯ ಜನರೆದುರು ಒಂದೊಂದಾಗಿ ಜಗಲಿಗೆ ಎಸೆದ. ಹಿರೇನಲ್ಲೂರಿನಿಂದ ಬಂದಿದ್ದ ಅವಳ ತವರಿನವರೂ ಅಲ್ಲಿ ನಿಂತಿದ್ದರು. ಹಸಿರು ಚೌಕುಳಿಯ ಒಂದು ಎಳೆಯೂ ಸಿಗಲಿಲ್ಲ. "ಆಗ್ಲೇ ಮಾರ್ಕೊಂಡ್ಬಿಟ್ಟವ್ನೆ" ಎಂದ. ಬಟ್ಟೆ ಕದ್ದವನೆಂಬ ಹೆಸರು ಬಂದ ಮೇಲೆ ದರ್ಜಿಯ ಕಥೆ ಮುಗಿದ ಹಾಗೆ. ಮಗಳ ಮದುವೆಯ ಕುಪ್ಪಸದ ಖಣವನ್ನು ನಂಬಿ ಯಾರು ಕೊಡುತ್ತಾರೆ?

ಹೆಂಡತಿ ಕತ್ತರಿ ತಂದಳು. ಅದರ ತುದಿಯನ್ನು ಕ್ಯಾಪ್ಟನ್ನನ ಕಿಲ್ಟಿನ ಹೊಲಿಗೆಗೆ ಇಟ್ಟಳು. "ಬ್ಯಾಡ ಕಣೇ" ಎಂದೆ. ಅವಳು ಕೇಳಲಿಲ್ಲ. ಒಂದೊಂದೇ ನಿರಿಗೆ ಬಿಚ್ಚಿದಳು. ಬಟ್ಟೆ ನಮ್ಮ ಜಗಲಿ ದಾಟಿ ಪಕ್ಕದ ಬೆಲ್ಲದ ಅಂಗಡಿಯ ಜಗಲಿಗೆ ಹೋಯಿತು. ಆ ಅಂಗಡಿಯ ಸಾಬರು ಬೆಲ್ಲದ ಮೂಟೆ ಸರಿಸಿ ಜಾಗ ಮಾಡಿಕೊಟ್ಟರು. ಅವಳು ಗಜದ ಕೋಲನ್ನು ರೈಟರ್ ಕೈಗಿಟ್ಟಳು.

"ಅಳೀರಿ ಸ್ವಾಮಿ. ಎಲ್ರಿಗೂ ಕೇಳೋ ಹಂಗೆ ಎಣ್ಸಿ."

ಅವನು ಎಣಿಸಿದ. ಐದು ದಾಟುವಾಗಲೇ ಧ್ವನಿ ಇಳಿದಿತ್ತು. ಎಂಟನ್ನು ಸಾಬರೇ ಕೂಗಬೇಕಾಯಿತು.

ಯಾರ ಬಾಯಲ್ಲೂ ತಪ್ಪಾಯಿತು ಎಂಬ ಮಾತಿಲ್ಲ. ರೈಟರ್ ಕೋಲು ಕೆಳಗಿಟ್ಟು ಕೈ ಒರೆಸಿಕೊಂಡ. ದೊರೆ ನಕ್ಕುಬಿಟ್ಟ. "ಒಳ್ಳೇ ಕೆಲಸ. ಮತ್ತೆ ಹೊಲಿ. ಬುಧವಾರ ರೈಲು" ಎಂದ. ಅವಳ ಸೀರೆಗಳು ಇನ್ನೂ ಜಗಲಿಯ ಮೇಲೆಯೇ ಬಿದ್ದಿದ್ದವು.

ಮುಗಿದಿದ್ದ ಹನ್ನೊಂದು ಕಿಲ್ಟುಗಳನ್ನು ಮಡಿಸಿ ಕಟ್ಟಿದೆ. ಬಿಚ್ಚಿದ ಎಂಟು ಗಜವನ್ನು ನೀಟಾಗಿ ಸುತ್ತಿ ಅದರ ಮೇಲಿಟ್ಟೆ. "ಅಳತೆ ಸರಿಗೈತೆ ಸ್ವಾಮಿ, ತಗೊಂಡೋಗಿ. ಇದನ್ನ ಇನ್ನು ನಾನು ಮುಟ್ಟಲ್ಲ" ಎಂದೆ. ಅಮಲ್ದಾರರಿಗೆ ಹೇಳಿ ಅಂಗಡಿ ಮುಚ್ಚಿಸುತ್ತೇನೆಂದು ರೈಟರ್ ಹಾರಾಡಿದ. ಅಂಗಡಿಯೇನೂ ಮುಚ್ಚಲಿಲ್ಲ, ಸಂತೆಗೆ ಸಂತೆಯೇ ಕಣ್ಣಾರೆ ನೋಡಿತ್ತಲ್ಲ. ಅಪ್ಪನ ಹಳೆಯ ಕಿಲ್ಟು ಮಗನ ಹೊಟ್ಟೆಗೆ ಸಾಲದೆ, ಬೆಂಗಳೂರಿನ ಮೈದಾನದಲ್ಲಿ ಹನ್ನೊಂದು ಕಿಲ್ಟುಗಳ ಮುಂದೆ ಕ್ಯಾಪ್ಟನ್ ಒಬ್ಬನೇ ಷರಾಯಿ ತೊಟ್ಟು ನಿಂತನಂತೆ.

ಎಷ್ಟೋ ವರ್ಷದ ಮೇಲೆ, ಆ ತುಕಡಿ ಚದುರಿಹೋದಾಗ, ದೊರೆಗಳು ಅದರ ಚರಿತ್ರೆಯನ್ನು ಅಚ್ಚು ಹಾಕಿಸಿದರು. ಅಜ್ಜಂಪುರದ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದ ನನ್ನ ಅಳಿಯನಿಗೆ ಒಂದು ಪ್ರತಿ ಸಿಕ್ಕಿ, ನಮ್ಮ ಮನೆಗೆ ತಂದು ಕನ್ನಡದಲ್ಲಿ ಓದಿ ಹೇಳಿದ. ಉಡುಪಿಗೇ ಒಂದು ಅಧ್ಯಾಯವಿತ್ತು. ಬೂದು ಕೋಟು, ಕೆಂಪು ಕೋಟು, ಗುಂಡಿಗಳು, ಬಿಳಿ ಗೆರೆ. ಕಿಲ್ಟುಗಳು ಸ್ಕಾಟ್ಲೆಂಡಿನಿಂದಲೇ ಬಂದವಂತೆ. ಹೊಲಿದವರ ಸುದ್ದಿಯೇ ಇಲ್ಲ. ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಮುಂದಿನ ಸಾಲು ಕೇಳಿ ಎದ್ದು ನಿಂತೆ. ಕ್ಯಾಪ್ಟನ್ ಒಬ್ಬ ಮಾತ್ರ ಷರಾಯಿ ತೊಡುವುದು ಈ ತುಕಡಿಯ ವಿಶೇಷ ಗೌರವ, ಮೊದಲ ಕ್ಯಾಪ್ಟನ್ ಹಾಕಿಕೊಟ್ಟ ಸಂಪ್ರದಾಯ, ಆಮೇಲೆ ಬಂದವರೆಲ್ಲ ಅದನ್ನು ಶ್ರದ್ಧೆಯಿಂದ ಪಾಲಿಸಿದರು ಎಂದು ಬರೆದಿದ್ದರು.

ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹೆಂಡತಿ ಕಾಜಾ ಹಾಕುತ್ತಿದ್ದವಳು ಸೂಜಿ ನಿಲ್ಲಿಸಿ ಆ ಪುಸ್ತಕವನ್ನು ಇಸಿದುಕೊಂಡು, ಕೈಯಲ್ಲಿ ತೂಗಿ ನೋಡಿದಳು.

"ತಪ್ಪಾಯ್ತು ಅನ್ನೋಕೆ ಒಂದ್ ಮಾತು ಸಾಕಿತ್ತು. ಅದನ್ ಬಿಟ್ಟು ಇಷ್ಟ್ ದಪ್ಪ ಪುಸ್ತಕ ಬರ್ಕೊಂಡವ್ರಲ್ರೀ."