ಸೂರಕ್ಕಿಯ ಗೂಡಿಗೊಂದು ಲಾಡಿ

ಕಸ ಎಂಬುದಕ್ಕೆ ಸರ್ವಸಮ್ಮತವಾದ ವ್ಯಾಖ್ಯೆಯಿಲ್ಲವೆಂಬುದನ್ನು, ಯುಗಾದಿಯ ಹಿಂದಿನ ವಾರ ಕಸಬರಿಗೆ ಹಿಡಿದು ನಿಂತಾಗ ನೀವೂ ಗಮನಿಸಿರಬಹುದು. ತುಕ್ಕು ಹಿಡಿದ ಡಬ್ಬಿ ನನಗೆ ಕಸ, ಭಾಲ್ಕಿಯಲ್ಲಿರುವ ನಮ್ಮ ಸೋದರತ್ತೆಗೆ ಆಸ್ತಿ. ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳ ವಿಷಯದಲ್ಲಿ ಇದು ತಿರುಗುಮುರುಗು.

ಹಬ್ಬದ ಶುಚಿಕಾರ್ಯಕ್ಕೆ ವರ್ಷವೂ ಬೀದರಿನಿಂದ ಅತ್ತೆಯ ಮನೆಗೆ ಹೋಗುವವಳು ನಾನು. ಈ ಸಲ ಹೋಗುವ ಹಿಂದಿನ ದಿನ ಔರಾದ ಕಡೆಯ ಸಂರಕ್ಷಿತ ಹುಲ್ಲುಗಾವಲಿಗೆ ಹೋಗಿ, ಗೆಳತಿಯಿಂದ ಕಡ ತಂದ ದುರ್ಬೀನನ್ನು ಕಣ್ಣಿಗೊತ್ತಿಕೊಂಡು, ಮೈಲಿಯಾಚೆಯ ಕಂದು ಚುಕ್ಕೆಗಳು ಕೃಷ್ಣಮೃಗಗಳೇ ಹೊರತು ಆಡುಗಳಲ್ಲವೆಂದು, ಸಂತಪುರದ ಬಸ್ಸಿಗೆ ಕಾಯುತ್ತಿದ್ದ ಮೂವರೆದುರು ವಾದಿಸಿದ್ದೆ. ಅಷ್ಟರಲ್ಲಿ ಚುಕ್ಕೆಯೊಂದು ಆಳೆತ್ತರ ನೆಗೆದು ನನ್ನ ಪಕ್ಷವನ್ನು ಸಮರ್ಥಿಸಿತು. ಅಂದಿನಿಂದ ಆ ಪ್ರಾಣಿಯ ಮೇಲೆ ನನಗೆ ವಿಶೇಷ ಮಮತೆ.

ಮೈಲಿ ದೂರದ ಮೃಗವನ್ನು ಗುರುತಿಸಿದ ಈ ಸೂಕ್ಷ್ಮದೃಷ್ಟಿ ಮರುದಿನ ಮೊಳ ದೂರದ ಗೂಡನ್ನು ಗುರುತಿಸಲಿಲ್ಲ. ಹಿತ್ತಲಿನ ದಾಸವಾಳದ ಕೊಂಬೆಗೆ ಜೇಡರ ಬಲೆ, ಒಣ ಎಲೆ, ಕಾಗದದ ಚೂರುಗಳ ಗಂಟೊಂದು ಜೋತುಬಿದ್ದಿತ್ತು. ಹಬ್ಬದ ಹೊತ್ತಿಗೆ ಮನೆಯಲ್ಲಿ ಒಂದೂ ಜೇಡರ ಬಲೆ ಉಳಿಯಕೂಡದೆಂಬುದು ಅತ್ತೆಯ ಕಟ್ಟಾಜ್ಞೆ. ಕಸಬರಿಗೆ ಬೀಸಿದೆ. ನೆಲಕ್ಕೆ ಬಿದ್ದ ಕಸ ಚಿಂವ್ ಎಂದಿತು.

ಒಳಗೆ ಪುಕ್ಕವಿಲ್ಲದ ಎರಡು ಮರಿಗಳು, ಪುಣ್ಯಕ್ಕೆ ಜೀವಂತ. ಮೇಲೆ ತಂತಿಯ ಮೇಲೆ ಹೆಬ್ಬೆರಳಿನಷ್ಟಿದ್ದ ತಾಯಿ ಸೂರಕ್ಕಿಯ ಆಕ್ರಂದನ. ಅತ್ತೆ ಓಡಿ ಬಂದರು.

"ಅಯ್ಯ ನಿನ್ನ! ಕಣ್ಣ ಎಲ್ಲಿಟ್ಟಿದ್ದಿ ವಕೀಲಬಾಯಿ? ಬಾಣಂತಿ ಮನಿ ಕೆಡವಿದಿ ನೋಡು!"

"ಮತ್ತ ಕಟ್ಟಿದ್ರಾಯ್ತು, ಅತ್ತೀ."

"ಮನಷ್ಯಾರ ಕೈ ಹತ್ತಿದ ಗೂಡಿಗಿ ತಾಯಿ ಬರಂಗಿಲ್ಲ."

"ಯಾರ ಹೇಳ್ಯಾರ? ನೀವು ನೋಡೀರೇನ್ರಿ?"

"ಎಲ್ಲಾರೂ ಹೇಳ್ತಾರ."

"ಎಲ್ಲಾರೂ ಹೇಳೋದು ಸಾಕ್ಷಿ ಅಲ್ಲರಿ."

"ಸಾಕ್ಷಿ ಆಮ್ಯಾಲ ತಾ. ಮೊದಲ ದಾರ ತಾ!"

ಕೈಗೆ ಸಿಕ್ಕಿದ್ದು ಮಾವನ ಪಾಯಜಾಮಾದ ಲಾಡಿ ಮಾತ್ರ. ಅದರಿಂದಲೇ ಗೂಡನ್ನು ಅದೇ ಕೊಂಬೆಗೆ ಬಿಗಿದು, ಅಡುಗೆಮನೆಯ ಕಿಟಕಿಯ ಹಿಂದೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ತಾಯಿ ಬಂದಳು, ಲಾಡಿಯನ್ನು ಕಂಡಳು, ಹಾರಿಹೋದಳು. ಮತ್ತೆ ಬಂದಳು; ಮತ್ತೆ ಹೋದಳು.

ಒಂದೇ ವಿಷಯಕ್ಕೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರುದ್ಧವಾಗಿ ಮಾತಾಡಿ ಎರಡಕ್ಕೂ ಬಹುಮಾನ ತಂದವಳು ನಾನು. ನನ್ನ ವಾದ ಬಿದ್ದರೂ ನಿಂತರೂ ಸಭಾಂಗಣದ ಒಂದು ಸೊಳ್ಳೆಯ ಕೂದಲೂ ಕೊಂಕಿರಲಿಲ್ಲ. ಇಲ್ಲಿ ಮಾತ್ರ, ನನ್ನ ಮಾತು ಸುಳ್ಳಾದರೆ ಹಸಿದು ಸಾಯುವವರು ಇಬ್ಬರಿದ್ದರು. ಅಳುಕುತ್ತ ಪಕ್ಕಕ್ಕೆ ನೋಡಿದೆ: ಅತ್ತೆ ತಮ್ಮ ಮಾತೇ ಸುಳ್ಳಾಗಲೆಂದು ಕೈಮುಗಿದು ಕೂತಿದ್ದರು. ಎದುರಾಳಿ ಸ್ವಂತ ಸೋಲಿಗೆ ಹರಕೆ ಹೊರುವ ಚರ್ಚೆಯನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯ ಸಲ ಅವಳು ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ಬಂದಳು. ಗಾಳಿಯಲ್ಲೇ ತುಸು ನಿಂತು, ಲಾಡಿಯ ಗಂಟಿಗೆ ಜೋತು, ಗೂಡಿನೊಳಗೆ ತಲೆ ತೂರಿಸಿದಳು. ನನ್ನ ವಿಜಯಭಾಷಣ ಗಂಟಲಿನವರೆಗೆ ಬಂದಿತ್ತು. ಅತ್ತೆಯ ಅಂಗೈ ಅದನ್ನು ತುಟಿಯ ಮೇಲೆಯೇ ತಡೆಯಿತು.

"ಗೆದ್ದಿ, ಗೆದ್ದಿ," ಎಂದು ಪಿಸುಗುಟ್ಟಿದರು. "ಈಗ ಸುಮ್ಮನಿರು. ಆಕಿ ಉಣಸ್ಲಕತ್ತಾಳ."